ಬಾಯಿಪಾಠದ ಸತ್ಯ

ಕಲಿತ ಭಾಷೆಯಲ್ಲಿ ನಿಜವಾಡುವುದು ಸಾಧ್ಯವೇ? ಈ ಪ್ರಶ್ನೆಗೆ ನನ್ನಲ್ಲಿ ಬಹುಕಾಲ ಸಿದ್ಧ ಉತ್ತರವಿತ್ತು. ಅದನ್ನು ಕೆಡಿಸಿದವಳು ಕಾರ್ಕಳದ ಒಬ್ಬ ವಿದ್ಯಾರ್ಥಿನಿ.

ಕಳೆದ ಮಳೆಗಾಲ, ಹುಡುಗರಿಗೆ ವ್ಯವಹಾರದ ಇಂಗ್ಲಿಷ್ ಕಲಿಸುವ ತರಗತಿಯಲ್ಲಿ ಅಣಕು ಸಂದರ್ಶನ ನಡೆಯಿತು. ಜನ ಸಾಲದೆ ಕನ್ನಡದವನಾದ ನನ್ನನ್ನೂ ಮೇಜಿನ ಹಿಂದೆ ಕೂರಿಸಿದರು. ‘ನಿನ್ನ ದೌರ್ಬಲ್ಯವೇನು?’ ಎಂದರೆ ಹನ್ನೊಂದು ಮಂದಿಯೂ, ‘ಕೆಲಸ ಹಿಡಿದರೆ ನನಗೆ ಹೊತ್ತಿನ ಪರಿವೆಯೇ ಇರುವುದಿಲ್ಲ’ ಎಂದು ಒಂದೇ ಇಂಗ್ಲಿಷಿನಲ್ಲಿ ಒಪ್ಪಿಸಿದರು. ಹನ್ನೆರಡನೆಯವಳು, ಬೀಡಿ ಕಟ್ಟುವ ತಾಯಿಯ ಮಗಳು, ತಡವರಿಸಿ ಕನ್ನಡದಲ್ಲಿ ಕೇಳಿದಳು: “ಸರ್, ಅದು ಸುಳ್ಳಲ್ವಾ?”

ನನಗೆ ಒಳಗೊಳಗೇ ಹಿಗ್ಗು. ಪರಭಾಷೆ ಸುಳ್ಳು ಕಲಿಸುತ್ತದೆ, ನಿಜ ತಾಯಿನುಡಿಯಲ್ಲಿ ತಾನಾಗಿ ಬರುತ್ತದೆ ಎಂಬ ನನ್ನ ಹಳೆಯ ಭಾಷಣಕ್ಕೆ ಸಾಕ್ಷಿ ಸಿಕ್ಕಿತಲ್ಲ! “ಹಾಗಾದರೆ ಕನ್ನಡದಲ್ಲೇ ಹೇಳು” ಎಂದೆ.

“ಕನ್ನಡವೂ ನಾನು ಶಾಲೆಯಲ್ಲಿ ಕಲಿತದ್ದೇ ಸರ್. ಮನೆಯಲ್ಲಿ ತುಳು. ನಿಮ್ಮ ಪರೀಕ್ಷೆಗೆ ‘ನನ್ನ ಮೆಚ್ಚಿನ ಕವಿ’ ಬರೆದದ್ದೂ ಬಾಯಿಪಾಠವೇ.”

ಆ ಪ್ರಬಂಧಕ್ಕೆ ನಾನು ಒಳ್ಳೆಯ ಅಂಕ ಕೊಟ್ಟಿದ್ದೆ.

ಹಾಗಾದರೆ ಸುಳ್ಳು ಇದ್ದದ್ದು ಇಂಗ್ಲಿಷಿನಲ್ಲಲ್ಲ. ನಾವು ಕಲಿಸುವ ಕ್ರಮದಲ್ಲಿ. ೧೯೭೯ರಿಂದ ೧೯೮೪ರವರೆಗೆ ಎನ್. ಎಸ್. ಪ್ರಭು ಅವರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಬೆಂಗಳೂರು ಯೋಜನೆಯೆಂದೇ ಅದು ಹೆಸರಾಯಿತು. ವಾಕ್ಯಗಳನ್ನು ಉರುಹಚ್ಚಿಸುವ ಬದಲು, ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿಯನ್ನೋ ನಕ್ಷೆಯನ್ನೋ ಇಟ್ಟು ಬಿಡಿಸಬೇಕಾದ ಸಮಸ್ಯೆಯೊಂದನ್ನು ಕೊಡುವುದು ಅದರ ಬಗೆ. ಮನಸ್ಸು ಅರ್ಥದ ಮೇಲಿದ್ದರೆ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆಂದು ಅವರ ನಂಬಿಕೆ. ಇದನ್ನು ನಾನು ಬೋಧನೆಯ ಉಪಾಯವೆಂದಷ್ಟೇ ತಿಳಿದಿದ್ದೆ. ಈಗ ಅದರಲ್ಲೊಂದು ನೀತಿಯೂ ಕಾಣುತ್ತದೆ. ರೈಲಿನ ಹೊತ್ತು ಹುಡುಕುವ ಮಗು ತಪ್ಪಾಗಿ ನುಡಿದೀತು. ಸುಳ್ಳಾಡಲು ಅದಕ್ಕೆ ಕಾರಣವೇ ಇಲ್ಲ.

ಆದರೆ ಕೆಲಸ ಕೊಡುವವನು ಬಾಯಿಪಾಠವನ್ನೇ ಬಯಸಿದರೆ? ಸಂಬಳ ಖಾತ್ರಿಯಿರುವ ನನಗೆ ಸತ್ಯದ ಉಪದೇಶ ಸುಲಭ. ಅವಳಿಗೆ ಆ ಕೆಲಸ ಬೇಕು. ಅಲ್ಲದೆ, ತಾಯಿನುಡಿಯ ಪರವಾಗಿ ಭಾಷಣ ಮಾಡುವ ನಾನು ನನ್ನ ಮಗಳನ್ನು ಓದಿಸಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ಇಂಗ್ಲಿಷ್ ಬೇಡವೆನ್ನುವ ಹಕ್ಕು ನನಗಿಲ್ಲ.

“ನಿಜವಾದ ದೌರ್ಬಲ್ಯ ಯಾವುದು?” ಎಂದು ಕೇಳಿದೆ. ತುಸು ಯೋಚಿಸಿ, “ಅರ್ಥವಾಗದಿದ್ದರೂ ತಲೆಯಾಡಿಸುತ್ತೇನೆ” ಎಂದಳು. ಅದನ್ನು ಇಂಗ್ಲಿಷಿಗೆ ತರಲು ಇಬ್ಬರೂ ಅರ್ಧ ಗಂಟೆ ತಡಕಾಡಿದೆವು. ನಡುವೆ ನಾನು ಸೂಚಿಸಿದ ಮಾತೊಂದಕ್ಕೆ ಅವಳು ತಲೆಯಾಡಿಸಲಿಲ್ಲ. “ಅರ್ಥವಾಗಲಿಲ್ಲ ಸರ್, ಇನ್ನೊಮ್ಮೆ ಹೇಳಿ” ಎಂದಳು.

ಆ ವಾಕ್ಯ ಅವಳಿಗೆ ಕೆಲಸ ಕೊಡಿಸೀತೋ ಇಲ್ಲವೋ, ಹೇಳಲಾರೆ. ವಾಕ್ಯವಂತೂ ಅವಳದೇ ಆಗಿತ್ತು.

‘ನನ್ನ ಮೆಚ್ಚಿನ ಕವಿ’ಯನ್ನು ಈ ವರ್ಷ ನನ್ನ ಪ್ರಶ್ನೆಪತ್ರಿಕೆಯಿಂದ ತೆಗೆದಿದ್ದೇನೆ. ಅದರ ಬದಲು ಏನು ಕೇಳಬೇಕೆಂಬುದು ಇನ್ನೂ ಹೊಳೆದಿಲ್ಲ.