ಸಾರ್ವಜನಿಕ ಸ್ವತ್ತು ಮತ್ತು ನಮ್ಮ ಮಿತವ್ಯಯ

ಮನುಷ್ಯನ ನಡತೆಯಲ್ಲಿ ಒಂದು ವೈಚಿತ್ರ್ಯವುಂಟು. ಮನೆಯಲ್ಲಿ ಕೋಣೆಯಿಂದ ಹೊರಬರುವಾಗ ದೀಪವನ್ನು ಆರಿಸುವವನು, ನಲ್ಲಿ ತೊಟ್ಟಿಕ್ಕಿದರೆ ಅಂದೇ ದುರಸ್ತಿ ಮಾಡಿಸುವವನು, ಮಕ್ಕಳು ನೋಟುಪುಸ್ತಕದ ಹಾಳೆ ಹರಿದರೆ ಗದರಿಸುವವನು, ಕಚೇರಿಯ ಹೊಸ್ತಿಲು ದಾಟಿದೊಡನೆ ಬೇರೊಬ್ಬನೇ ಆಗಿಬಿಡುತ್ತಾನೆ. ಅಲ್ಲಿ ಬರಿದಾದ ಕೋಣೆಯಲ್ಲಿ ಫ್ಯಾನು ತಿರುಗುತ್ತಿರುತ್ತದೆ. ಹಗಲಿನಲ್ಲಿಯೂ ದೀಪ ಉರಿಯುತ್ತಿರುತ್ತದೆ. ಒಂದು ಪ್ರತಿ ಸಾಕಾದಲ್ಲಿ ಮೂರು ಪ್ರತಿಗಳು ಅಚ್ಚಾಗುತ್ತವೆ. ಇದೇಕೆ ಹೀಗೆ? ಉತ್ತರ ಸರಳವಾಗಿದೆ. ಮನೆಯ ಬಿಲ್ಲು ಅವನ ಕೈಗೆ ಬರುತ್ತದೆ, ಕಚೇರಿಯ ಬಿಲ್ಲು ಬರುವುದಿಲ್ಲ. ‘ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ’ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ವಾಚಕರೇ, ಇಲ್ಲಿ ಒಂದು ನೈತಿಕ ಪ್ರಶ್ನೆ ಏಳುತ್ತದೆ. ಮನೆಯಲ್ಲಿ ನಾವು ತೋರುವ ಮಿತವ್ಯಯ ಗುಣವೋ, ಕೇವಲ ಜೇಬಿನ ಭಯವೋ? ಲೆಕ್ಕ ಕೇಳುವವರಿರುವಲ್ಲಿ ಮಿತವಾಗಿ ನಡೆಯುವುದು ವ್ಯವಹಾರ. ಲೆಕ್ಕ ಕೇಳುವವರೇ ಇಲ್ಲದಲ್ಲಿ ಮಿತವಾಗಿ ನಡೆಯುವುದು ಮಾತ್ರವೇ ಶೀಲ. ಆದುದರಿಂದ ನಮ್ಮ ಶೀಲದ ಪರೀಕ್ಷೆ ನಡೆಯುವುದು ಮನೆಗಿಂತ ಹೆಚ್ಚಾಗಿ ಕಚೇರಿಯಲ್ಲಿ, ಶಾಲೆಯಲ್ಲಿ, ಬ್ಯಾಂಕಿನಲ್ಲಿ, ಸಂಘಸಂಸ್ಥೆಗಳ ಕಟ್ಟಡಗಳಲ್ಲಿ.

‘ಯಾರದೂ ಅಲ್ಲದ್ದು’ ಎಂದು ನಾವು ತಿಳಿಯುವ ವಸ್ತುವಿಗೆ ನಿಜವಾಗಿ ಬೆಲೆ ತೆರುವವರಿದ್ದಾರೆ. ನಾಡಿಗೆ ಬೆಳಕು ನೀಡುವ ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಪೂರ್ಣಗೊಂಡದ್ದು 1964ರಲ್ಲಿ. ಅದರ ಹಿನ್ನೀರಿನಲ್ಲಿ ಎಷ್ಟೋ ಊರುಗಳು ಮುಳುಗಿದವು. ಮನೆಮಠ ಬಿಟ್ಟು ಎದ್ದುಬಂದವರಲ್ಲಿ ಅನೇಕರು ತಮಗೆ ದೊರೆತ ನೆಲದ ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಹೋರಾಡಬೇಕಾಯಿತು. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿದು ವಿದ್ಯುತ್ತಾಗುತ್ತಿದೆ. ಕಲ್ಲಿದ್ದಲಿನಿಂದ ಬರುವ ಒಂದೊಂದು ಯೂನಿಟ್ ವಿದ್ಯುತ್ತಿನ ಹಿಂದೆ ಹೆಚ್ಚುಕಡಿಮೆ ಒಂದು ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡು ಗಾಳಿಗೆ ಸೇರುತ್ತದೆ. ಕಾಗದದ ಕಥೆಯೂ ಇಂಥದೇ. ನಮ್ಮ ನೆರೆಯ ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದ ಕಾರ್ಖಾನೆ ಇಂದು ಕಾಗದ ತಯಾರಿಸುತ್ತಿಲ್ಲ; ಆದರೆ ಅದರ ಹಸಿವಿಗಾಗಿ ಮಲೆನಾಡಿನಲ್ಲಿ ಎದ್ದುನಿಂತ ಅಕೇಶಿಯಾ, ನೀಲಗಿರಿ ನೆಡುತೋಪುಗಳನ್ನು ಕಂಡವರು, ಒಂದು ಹಾಳೆಯ ಹಿಂದೆ ಎಷ್ಟು ಕಾಡಿನ ಕಥೆಯಿದೆಯೆಂಬುದನ್ನು ಬಲ್ಲರು. ಕಚೇರಿಯಲ್ಲಿ ನಾವು ಪೋಲುಮಾಡುವುದು ಸರ್ಕಾರದ ಅಥವಾ ಸಂಸ್ಥೆಯ ಹಣವನ್ನಷ್ಟೇ ಅಲ್ಲ. ನಮ್ಮ ಮುಖವನ್ನೇ ಕಾಣದ ಯಾರದೋ ತ್ಯಾಗವನ್ನು.

‘ನನ್ನೊಬ್ಬನಿಂದ ಏನಾದೀತು?’ ಎಂದು ಕೆಲವರು ಕೇಳುವರು. ಲೆಕ್ಕ ಹಾಕಿ ನೋಡೋಣ. ಹಳೆಯ ಮಾದರಿಯ ಫ್ಯಾನೊಂದು ಸುಮಾರು 75 ವ್ಯಾಟ್ ವಿದ್ಯುತ್ತನ್ನು ಬಯಸುತ್ತದೆ. ಅಂಥ 4 ಫ್ಯಾನುಗಳು ಸಂಜೆ 6ರಿಂದ ಮರುದಿನ ಬೆಳಿಗ್ಗೆ 10ರವರೆಗೆ ಬರಿಯ ಕೋಣೆಯಲ್ಲಿ ತಿರುಗಿದರೆ 4.8 ಯೂನಿಟ್ ವ್ಯರ್ಥ. ಮಧ್ಯಾಹ್ನದ ಊಟದ ಒಂದು ಗಂಟೆ ಮಾತ್ರ ಅವನ್ನು ನಿಲ್ಲಿಸಿದರೂ ವರ್ಷದ 250 ಕೆಲಸದ ದಿನಗಳಲ್ಲಿ 75 ಯೂನಿಟ್ ಉಳಿತಾಯ. ಸೆಕೆಂಡಿಗೊಂದು ಹನಿಯಂತೆ ಸೋರುವ ನಲ್ಲಿಯಿಂದ ದಿನಕ್ಕೆ ಸುಮಾರು 20 ಲೀಟರ್ ನೀರು ಹೋಗುತ್ತದೆ. ನಮ್ಮ ಹೋಬಳಿ, ತಾಲ್ಲೂಕು, ಜಿಲ್ಲೆಗಳ ಕಚೇರಿಗಳನ್ನೆಲ್ಲ ಎಣಿಸಿ ಇದನ್ನು ಗುಣಿಸಿರಿ. ‘ಹನಿ ಹನಿ ಕೂಡಿದರೆ ಹಳ್ಳ’ ಎಂಬುದು ಉಳಿತಾಯಕ್ಕೆ ಎಷ್ಟು ಸತ್ಯವೋ ದುಂದಿಗೂ ಅಷ್ಟೇ ಸತ್ಯ.

ಮತ್ತೆ ಕೆಲವರು, ‘ಮಿತವ್ಯಯವೆಂದರೆ ಸುಖವನ್ನು ಬಿಡುವುದು’ ಎಂದು ಹೆದರುವರು. ಇದೂ ಪೂರ್ಣ ಸತ್ಯವಲ್ಲ. ಜಪಾನ್ ಸರ್ಕಾರ 2005ರ ಬೇಸಿಗೆಯಲ್ಲಿ ಒಂದು ಪದ್ಧತಿಯನ್ನು ಆರಂಭಿಸಿತು: ಕಚೇರಿಯ ತಂಪನ್ನು 28 ಡಿಗ್ರಿಯಲ್ಲಿ ನಿಲ್ಲಿಸುವುದು, ನೌಕರರು ಕೋಟು ಟೈಗಳನ್ನು ಬಿಟ್ಟು ಹಗುರವಾದ ಉಡುಪು ಧರಿಸುವುದು. ಸೆಕೆಯ ನಾಡಿನಲ್ಲಿ ಕೋಟು ತೊಟ್ಟು, ಆ ಕೋಟಿಗಾಗಿ ಕೋಣೆಯನ್ನು ತಣ್ಣಗಾಗಿಸುವುದು ಎಂಥ ಅವಿವೇಕವೆಂಬುದನ್ನು ಅವರು ಮಂತ್ರಿಗಳಿಂದಲೇ ಆರಂಭಿಸಿ ತೋರಿಸಿಕೊಟ್ಟರು. ನಮ್ಮ ದೇಶದಲ್ಲಿಯೂ 2020ರ ಜನವರಿಯಿಂದ ತಾರಾಂಕಿತ ಏರ್‌ಕಂಡೀಷನರುಗಳು 24 ಡಿಗ್ರಿಗೆ ಹೊಂದಿಸಲ್ಪಟ್ಟೇ ಮಾರಾಟಕ್ಕೆ ಬರಬೇಕೆಂಬ ನಿಯಮವಾಗಿದೆ. ಒಂದು ಡಿಗ್ರಿ ಏರಿಸಿದರೆ ನೂರಕ್ಕೆ ಸುಮಾರು 6ರಷ್ಟು ವಿದ್ಯುತ್ತು ಉಳಿಯುವುದೆಂದು ತಜ್ಞರ ಲೆಕ್ಕ.

ಇನ್ನು ಕಟ್ಟಡದ ಮಾತು. ಸಂತೇಬೆನ್ನೂರಿನ ಪುಷ್ಕರಿಣಿಯನ್ನು ನೋಡದವರು ನಮ್ಮ ಸೀಮೆಯಲ್ಲಿ ವಿರಳ. ಹದಿನಾರನೆಯ ಶತಮಾನದಲ್ಲಿ ಕೆಂಗ ಹನುಮಪ್ಪ ನಾಯಕನು ಕಟ್ಟಿಸಿದ ಆ ಕೊಳದ ನಡುವೆ ವಸಂತಮಂಟಪವಿದೆ, ದಡದಲ್ಲಿ ಕಮಾನುಗಳ ಮುಸಾಫಿರ್‌ಖಾನೆಯಿದೆ. ಬಿಸಿಲಿನಲ್ಲಿ ಬಂದವನು ಅಲ್ಲಿ ನಿಂತರೆ ನೀರು, ಕಲ್ಲು, ನೆರಳು ಮೂರೂ ಸೇರಿ ಅವನನ್ನು ತಣಿಸುತ್ತವೆ. ಗಾಳಿಗೂ ಬೆಳಕಿಗೂ ದಾರಿ ಬಿಟ್ಟು ಕಟ್ಟುವ ಆ ವಿವೇಕವನ್ನು ಮರೆತು ನಾವಿಂದು ನಗರಗಳಲ್ಲಿ ಗಾಜಿನ ಗೋಡೆಗಳ ಕಚೇರಿಗಳನ್ನು ಎಬ್ಬಿಸುತ್ತಿದ್ದೇವೆ. ಒಳನುಗ್ಗಿದ ಬಿಸಿಲನ್ನು ಹೊರಗಟ್ಟಲು ವಿದ್ಯುತ್ತನ್ನು ಸುಡುತ್ತಿದ್ದೇವೆ. ಕಿಟಕಿ ತೆರೆದು ಪರದೆ ಸರಿಸಿದರೆ ಸಾಲುವಲ್ಲಿ ಗುಂಡಿ ಒತ್ತುವುದು ಅಭ್ಯಾಸವಾಗಿಬಿಟ್ಟಿದೆ.

ಹಾಗಾದರೆ ಅಭ್ಯಾಸವನ್ನು ತಿದ್ದುವ ಬಗೆ ಹೇಗೆ? ಗೋಡೆಗೆ ಅಂಟಿಸಿದ ಸೂಚನಾಫಲಕ ಇದನ್ನು ಸಾಧಿಸಲಾರದು. ಸೂಳೆಕೆರೆಯ ಈ ಸೀಮೆಯವರಾದ ನಮಗೆ ಒಂದು ಹಳೆಯ ಮಾದರಿ ಕಣ್ಣೆದುರಿಗಿದೆ. ಕೆರೆಯ ನೀರು ಎಲ್ಲರದು. ಆದುದರಿಂದಲೇ ಅದು ಯಾರದೂ ಅಲ್ಲದ್ದಾಗುವ ಅಪಾಯವಿತ್ತು. ಇದನ್ನರಿತ ಹಿರಿಯರು ಕೆರೆಯ ಊರುಗಳಲ್ಲಿ ನೀರುಗಂಟಿಯನ್ನು ನೇಮಿಸಿದರು. ತೂಬು ತೆರೆಯುವವನು ಅವನು, ಮುಚ್ಚುವವನು ಅವನು, ಸರದಿ ಕಾಯುವವನು ಅವನು. ಪ್ರತಿ ಕಚೇರಿಗೂ ಇಂದು ಇಂಥ ಒಬ್ಬ ನೀರುಗಂಟಿ ಬೇಕು. ತಿಂಗಳಿಗೊಬ್ಬರು ಸರದಿಯಂತೆ ಆ ಹೊಣೆ ಹೊರಲಿ. ಮೀಟರಿನ ಅಂಕಿಯನ್ನು ಪ್ರತಿ ತಿಂಗಳೂ ಎಲ್ಲರಿಗೆ ಕಾಣುವಂತೆ ಬರೆದಿಡಲಿ. ಕಾಗದದ ಎರಡು ಮಗ್ಗುಲೂ ಬಳಕೆಯಾಗಲಿ. ಸಭೆಗಳಲ್ಲಿ ಪ್ಲಾಸ್ಟಿಕ್ ಬಾಟಲಿಯ ಬದಲು ಹೂಜಿ, ಲೋಟಗಳು ಬರಲಿ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಮೊದಲನೆಯದು, ಈ ಹೊಣೆಯನ್ನು ಜವಾನನ ಹೆಗಲಿಗೆ ಮಾತ್ರ ಏರಿಸಬಾರದು. ಅಧಿಕಾರಿಯ ಬರಿದಾದ ಕೊಠಡಿಯಲ್ಲಿ ತಂಪುಯಂತ್ರ ಗುಯ್‌ಗುಟ್ಟುತ್ತಿರುವಾಗ, ಹೊರಗೆ ಕುಳಿತ ಜವಾನನು ದೀಪ ಆರಿಸಲಿಲ್ಲವೆಂದು ಗದರಿಸುವುದು ಮಿತವ್ಯಯವಲ್ಲ, ಅನ್ಯಾಯ. ಎರಡನೆಯದು, ಕೆಲಸಕ್ಕಾಗಿ ಬಂದು ಗಂಟೆಗಟ್ಟಲೆ ಕಾಯುವ ರೈತನಿಗೆ, ಪಿಂಚಣಿಗಾಗಿ ಬಂದ ವೃದ್ಧೆಗೆ ಫ್ಯಾನಿನ ಗಾಳಿಯನ್ನೂ ಕುಡಿಯುವ ನೀರನ್ನೂ ಇಲ್ಲವೆನ್ನುವುದು ಜಿಪುಣತನವೇ ಹೊರತು ಮಿತವಲ್ಲ. ಅವಶ್ಯಕತೆಗೆ ಕೊಡುವುದು, ಅತಿಗೆ ನಿಲ್ಲಿಸುವುದು: ಇವೆರಡೂ ಒಂದೇ ಧರ್ಮದ ಎರಡು ಕೈಗಳು.

ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದಳೆಂಬುದು ನಮಗೆಲ್ಲ ತಿಳಿದ ಕಥೆ. ಆ ಅಕ್ಕಿಗೆ ಯಾರೂ ಬೆಲೆ ಕೇಳಿರಲಿಲ್ಲ, ಯಾರೂ ಕಾವಲಿರಲಿಲ್ಲ. ಅದು ಅಂಗಳದಲ್ಲಿ ಚೆಲ್ಲಿದ ಅಕ್ಕಿ. ಆದರೂ ಬೇಕಾದುದಕ್ಕಿಂತ ಹೆಚ್ಚೆಂಬ ಒಂದೇ ಕಾರಣಕ್ಕೆ ಆಕೆ ಅದನ್ನು ಒಲ್ಲೆನೆಂದಳು. ಪುಕ್ಕಟೆಯಾಗಿ ದೊರೆತದ್ದರಲ್ಲಿಯೂ ಅತಿಯಾದುದು ತನ್ನದಲ್ಲವೆಂಬ ಈ ಅರಿವೇ ಕಾಯಕದ ತಿರುಳು. ಕೆಲಸವನ್ನು ಪೂಜೆಯೆಂದು ಬಗೆಯುವವನಿಗೆ ಕೆಲಸದ ಮನೆಯೂ ಪೂಜೆಯ ಮನೆಯೇ ಆಗಬೇಕು.

ಸುಗ್ರೀವಾಜ್ಞೆಗಾಗಲಿ ಸುತ್ತೋಲೆಗಾಗಲಿ ನಾವು ಕಾಯಬೇಕಾಗಿಲ್ಲ. ನಾಳೆ ಬೆಳಿಗ್ಗೆ ನಿಮ್ಮ ಕೆಲಸದ ಸ್ಥಳಕ್ಕೆ ಹೋದಾಗ, ವಾಚಕರೇ, ಮೊದಲು ಕಿಟಕಿಯನ್ನು ತೆರೆಯಿರಿ. ಬೆಳಕು ಸಾಲದಿದ್ದರೆ ಮಾತ್ರ ದೀಪ ಹಚ್ಚಿರಿ. ಯಾರೂ ನೋಡುತ್ತಿಲ್ಲವೆಂಬುದೇ ಅದಕ್ಕೆ ತಕ್ಕ ಕಾರಣವಾಗಲಿ.