ಐದು ಅಂತ ನೀವೇ ಹೇಳಿದ್ದಲ್ವಾ?

ಪಿಎಚ್.ಡಿ.ಗೆ ಸೇರುವ ಮೊದಲು ಮೂರು ವರ್ಷ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೆ. ಎರಡು ವಾರಕ್ಕೊಮ್ಮೆ ನಮ್ಮ ತಂಡ ಕೂತು ಮುಂದಿನ ‘ಸ್ಪ್ರಿಂಟ್’ನ ಕೆಲಸಗಳನ್ನು ಅಳೆಯುತ್ತಿತ್ತು. ಒಂದೊಂದು ಕೆಲಸದ ವಿವರ ಓದಿದ ಮೇಲೆ ಎಲ್ಲರೂ ಒಟ್ಟಿಗೇ ಒಂದು ಕಾರ್ಡು ಎತ್ತಬೇಕು: 1, 2, 3, 5, 8, 13. ಈ ಅಂಕಿ ಕೆಲಸದ ಗಾತ್ರ ಮಾತ್ರ, ದಿನಗಳ ಲೆಕ್ಕವಲ್ಲ ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದರು. ಹೇಳಿಕೊಟ್ಟವರೇ ಅದನ್ನು ದಿನಗಳೆಂದು ಓದುತ್ತಿದ್ದರು.

ಒಮ್ಮೆ ನಾನು 5 ಎತ್ತಿದೆ. ಬಿಲ್ಲಿನಲ್ಲಿ ತೆರಿಗೆ ಲೆಕ್ಕ ಹಾಕುವ ಕ್ರಮ ಬದಲಿಸುವ ಕೆಲಸ. ಕೋಡ್ ತೆರೆದು ನೋಡಿದರೆ ಅದೇ ಲೆಕ್ಕವನ್ನು ನಾಲ್ಕು ಕಡೆ ನಾಲ್ಕು ರೀತಿ ಬರೆದಿದ್ದರು. ಬರೆದವರು ಕೆಲಸ ಬಿಟ್ಟು ವರ್ಷಗಳಾಗಿದ್ದವು. ಒಂದನ್ನು ಮುಟ್ಟಿದರೆ ಇನ್ನೊಂದು ಕೆಡುತ್ತಿತ್ತು. ಬೆಳಗಿನ ಸ್ಟ್ಯಾಂಡಪ್‌ನಲ್ಲಿ ದಿನವೂ ‘ನಡೀತಿದೆ’ ಅಂದೆ. ಆರನೇ ದಿನ ಮ್ಯಾನೇಜರ್ ಮೆತ್ತಗೆ ಕೇಳಿದರು: “ಐದು ಅಂತ ನೀವೇ ಹೇಳಿದ್ದಲ್ವಾ?” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಆದರೂ ಕೊಟ್ಟ ಮಾತಿಗೆ ತಪ್ಪಿದವಳಂತೆ ತಲೆ ತಗ್ಗಿಸಿದೆ.

ನಾನು ಮಾತು ಕೊಟ್ಟಿದ್ದೆನೇ? ಈ ಪ್ರಶ್ನೆ ಇನ್ನೂ ನನ್ನನ್ನು ಬಿಟ್ಟಿಲ್ಲ.

‘ಮಾತು ಕೊಡುತ್ತೇನೆ’ ಎಂಬುದು ಯಾವುದನ್ನೋ ವರ್ಣಿಸುವ ವಾಕ್ಯವಲ್ಲ, ಹಾಗೆ ಹೇಳುವುದೇ ಒಂದು ಕ್ರಿಯೆ ಎಂದು ತತ್ವಜ್ಞಾನಿ ಜೆ.ಎಲ್. ಆಸ್ಟಿನ್ ತೋರಿಸಿದ. ‘ನಾಳೆ ಮಳೆ ಬರಬಹುದು’ ಎಂದವನನ್ನು ಮಳೆ ಬಾರದಿದ್ದರೆ ವಚನಭ್ರಷ್ಟ ಎನ್ನುವುದಿಲ್ಲ. ಪುಣ್ಯಕೋಟಿ ಹುಲಿಗೆ ಕೊಟ್ಟದ್ದು ಮಾತು. ದೊಡ್ಡಿಯ ದಾರಿ ಅವಳಿಗೆ ಗೊತ್ತಿತ್ತು, ಮರಳಿ ಬರುವುದು ಅವಳ ಕೈಯಲ್ಲೇ ಇತ್ತು. ನಾನು ಐದು ಎಂದಾಗ ದಾರಿಯನ್ನೇ ನೋಡಿರಲಿಲ್ಲ.

ತಮಾಷೆಯೆಂದರೆ, ಅಜೈಲ್ ಹುಟ್ಟಿದ್ದೇ ಇದನ್ನು ಒಪ್ಪಿಕೊಂಡು. 2001ರಲ್ಲಿ ಅಮೆರಿಕದ ಯೂಟಾದಲ್ಲಿ ಸೇರಿದ 17 ಮಂದಿ, ಯೋಜನೆಗೆ ಜೋತುಬೀಳುವುದಕ್ಕಿಂತ ಬದಲಾವಣೆಗೆ ಹೊಂದಿಕೊಳ್ಳುವುದು ಮುಖ್ಯ ಎಂದರು. ಸ್ಪ್ರಿಂಟಿನ ಕೆಲಸದ ಬಗ್ಗೆ ಹೇಳುವಾಗ ಸ್ಕ್ರಮ್ ಗೈಡ್ 2011ರಲ್ಲಿ ‘ಬದ್ಧತೆ’ ಎಂಬ ಅರ್ಥದ ಪದ ತೆಗೆದು ‘ಮುನ್ಸೂಚನೆ’ ಎಂಬರ್ಥದ ‘ಫೋರ್‌ಕಾಸ್ಟ್’ ಹಾಕಿತು. ನಮ್ಮ ಮೀಟಿಂಗಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಮ್ಯಾನೇಜರನ್ನು ದೂರಿ ಪ್ರಯೋಜನವಿಲ್ಲ. ನನ್ನ ಅಂದಾಜನ್ನು ನಂಬಿ ಅವರು ಗ್ರಾಹಕರಿಗೆ ತಾರೀಖು ಹೇಳಿದ್ದರು. ನನ್ನ ಬಾಯಲ್ಲಿ ಅಂದಾಜಾಗಿದ್ದದ್ದು ಅವರ ಬಾಯಲ್ಲಿ ಮಾತಾಗಿತ್ತು.

ಅಂದಾಜು ಹೇಳಿದವಳಿಗೆ ಯಾವ ಹೊಣೆಯೂ ಇಲ್ಲವೆಂದಲ್ಲ. ನಾಲ್ಕು ಕಡೆಯ ಗೋಜಲು ನನಗೆ ಮೊದಲ ಸಂಜೆಯೇ ಕಂಡಿತ್ತು. ಮರುದಿನ ಬೆಳಿಗ್ಗೆ ಅದನ್ನು ಹೇಳಬಹುದಿತ್ತು. ಹೇಳದೆ ‘ನಡೀತಿದೆ’ ಅಂದೆ. ನಾನು ತಪ್ಪಿದ್ದು ಅಲ್ಲಿ. ಐದು ಎಂದದ್ದು ಬರೀ ಲೆಕ್ಕ ತಪ್ಪಿದ್ದು. ಆದರೆ ನಾನು ನಾಚಿದ್ದು ಅಂಕಿಗಾಗಿ, ಆ ಐದು ದಿನಗಳ ಮೌನಕ್ಕಾಗಿ ಅಲ್ಲ.

ಹಾಗಾಗಿ ಕಲಿತದ್ದೂ ತಪ್ಪು ಪಾಠವನ್ನೇ. ಮುಂದಿನ ಸಲ ಮನಸ್ಸಿಗೆ 5 ಅನಿಸಿದರೂ 8 ಎತ್ತಿದೆ. ಪಕ್ಕದವರೂ ಹಾಗೇ ಮಾಡುತ್ತಿದ್ದರೆಂದು ಆಮೇಲೆ ತಿಳಿಯಿತು. ಮಾತು ಉಳಿಸಿಕೊಳ್ಳುವವರು ಎನಿಸಿಕೊಳ್ಳಲು ಎಲ್ಲರೂ ಮೊದಲೇ ಒಂದು ಸಣ್ಣ ಸುಳ್ಳು ಹೇಳುತ್ತಿದ್ದೆವು. ಕೆಲಸಗಳು ಸಮಯಕ್ಕೆ ಮುಗಿಯತೊಡಗಿದವು, ತಂಡಕ್ಕೆ ಹೊಗಳಿಕೆಯೂ ಬಂತು.

ಮೊನ್ನೆ ನನ್ನ ಗೈಡ್ ಕೇಳಿದರು: “ಮೂರನೇ ಅಧ್ಯಾಯ ಯಾವಾಗ ಕೊಡ್ತೀಯಮ್ಮ?” ಮನಸ್ಸಿನಲ್ಲಿದ್ದದ್ದು ಒಂದು ತಿಂಗಳು. “ಎರಡು ತಿಂಗಳು ಬೇಕು ಸರ್” ಅಂದೆ.