ಮುಳುಗಿದ ಸೇತುವೆಯ ಸುದ್ದಿ

ಕಳಸದಿಂದ ಹೊರನಾಡಿಗೆ ಹೋಗುವ ದಾರಿಯಲ್ಲಿ, ಭದ್ರೆಯ ಮೇಲೆ ಹೆಬ್ಬಾಳೆಯ ಸೇತುವೆಯಿದೆ. ಜಡಿಮಳೆ ಹಿಡಿದರೆ ಅದು ಮುಳುಗುತ್ತದೆ. ಮುಳುಗಿದ ಸುದ್ದಿ ಮಾರನೆಯ ದಿನ ಪತ್ರಿಕೆಯಲ್ಲಿ ತೇಲುತ್ತದೆ. 2019ರಲ್ಲೂ ಬಂತು, 2024ರಲ್ಲೂ ಬಂತು. ಕಣ್ಣಾರೆ ಕಂಡವರೇ ಅದನ್ನು ಮೊದಲು ಓದುವವರು. ಗೊತ್ತಿದ್ದುದನ್ನೇ ಓದುವುದೇಕೆಂದು ನಾನು ನಗುತ್ತಿದ್ದೆ.

2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲಿ ಗುಡ್ಡ ಕುಸಿದು ಮನೆಗಳು ನೆಲಸಮವಾದವು. ಆ ಮಳೆಗೇ ಮನೆ ಕಳೆದುಕೊಂಡ ವೃದ್ಧರೊಬ್ಬರು ಮುಂದೊಂದು ದಿನ ಬಸ್ಸಿನಲ್ಲಿ ಸಿಕ್ಕರು. ಜೇಬಿನಲ್ಲಿ ಪತ್ರಿಕೆಯ ತುಣುಕು, ನಾಲ್ಕು ಮಡಿಕೆಯಾಗಿ.

“ಇದನ್ನು ಯಾಕೆ ಇಟ್ಟುಕೊಂಡಿದ್ದೀರಿ?” ಎಂದೆ.

“ನಾನು ಹೇಳಿದರೆ ಯಾರು ನಂಬುತ್ತಾರೆ, ಮೇಷ್ಟ್ರೇ? ಪೇಪರಿನಲ್ಲಿ ಬಂದಿದೆಯಲ್ಲ!”

ನನ್ನ ನಗು ಅಲ್ಲಿಗೇ ನಿಂತಿತು. ಮನುಷ್ಯನ ಮಾತಿಗಿಂತ ಅಚ್ಚಿನ ಮಸಿಗೆ ಬೆಲೆ ಹೆಚ್ಚಾದ ಕಾಲದಲ್ಲಿ, ಅಚ್ಚಾಗದೆ ಉಳಿದ ದುಃಖಕ್ಕೆ ಸಾಕ್ಷಿ ಯಾರು? ನೆರೆಯವರಾದ ನಾವೇ ಅಲ್ಲವೆ?